ಬಾಗಿಲಕ್ಕನೂ ದಾರಿ ಬಿಡುವ ಗಾಡಿಗಳೂ

ತಾನೇ ಓಡುವ ಕಾರುಗಳು ಆ ಊರಿಗೆ ಬಂದಾಗ ಕಂಪನಿಯವರು ಚಾಲಕರೇ ಬೇಡವೆಂದರು. ಆಮೇಲೆ ಬಾಗಿಲು ಹಾಕುವುದಕ್ಕೆಂದು ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡರು. ಕೇಳಿದವರೆಲ್ಲ ತಮಾಷೆ ಎಂದುಕೊಂಡರು. ತಮಾಷೆಯಲ್ಲ, ಆ ಕೆಲಸಕ್ಕೆ ಬೆನ್ನ ಮೇಲೆ ಹೊಳೆಯುವ ಪಟ್ಟಿ ಇರುವ ಅಂಗಿಯೂ ಒಂದು ಸ್ಕೂಟರೂ ಕೊಟ್ಟಿದ್ದರು.

ವಿಷಯ ಇಷ್ಟೇ. ಆ ಕಾರು ಸಿಗ್ನಲ್ ನೋಡಿ ನಿಲ್ಲುತ್ತಿತ್ತು, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ಮರ್ಯಾದೆ ಕೊಡುತ್ತಿತ್ತು, ಹಿಂದಿನಿಂದ ನುಗ್ಗಿ ಬರುವ ಸೈಕಲ್ಲನ್ನೂ ಕಾಣುತ್ತಿತ್ತು. ಆದರೆ ಇಳಿದುಹೋದವನು ಬಾಗಿಲನ್ನು ಸರಿಯಾಗಿ ತಳ್ಳದೆ ಹೋದನೋ, ಮುಗಿಯಿತು. ಅದಕ್ಕೆ ಕೈಯಿಲ್ಲ. ನಡುಬೀದಿಯಲ್ಲಿ ದೀಪ ಮಿಣುಕಿಸುತ್ತಾ, "ದಯವಿಟ್ಟು ಬಾಗಿಲು ಹಾಕಿ" ಎಂದು ಇಂಪಾದ ದನಿಯಲ್ಲಿ ಗೋಗರೆಯುತ್ತಾ ನಿಂತುಬಿಡುತ್ತಿತ್ತು. ಹಿಂದೆ ಬಸ್ಸುಗಳು ಹಾರ್ನ್ ಬಾರಿಸುತ್ತಿದ್ದವು. ಎಲ್ಲೋ ದೂರದ ಪರದೆ ಕೋಣೆಯಲ್ಲಿ ಕೂತು ಕಾರುಗಳ ಮೇಲೆ ಕಣ್ಣಿಟ್ಟವರು ಅದನ್ನು ನೋಡಿ ಫೋನ್ ಮಾಡುತ್ತಿದ್ದರು. ನಮ್ಮ ಬಾಗಿಲಕ್ಕ ಸ್ಕೂಟರ್ ಹತ್ತಿ ಬಂದು, ಸೊಂಟದಿಂದ ಒಂದು ಗುದ್ದು ಕೊಟ್ಟು ಬಾಗಿಲು ಹಾಕಿ, "ಹೋಗಪ್ಪಾ" ಎನ್ನುತ್ತಿದ್ದಳು. ಅದು ಹೋಗುತ್ತಿತ್ತು.

ದಾರಿಹೋಕರು ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಬಹುದಿತ್ತು. ಆದರೆ ಅಷ್ಟು ಬುದ್ಧಿ ಇರುವ ಯಂತ್ರ ಬೀದಿಯಲ್ಲಿ ನಿಂತು ಬೇಡಿಕೊಳ್ಳುವುದನ್ನು ನೋಡುವ ಸುಖವನ್ನು ಯಾರು ಕಳೆದುಕೊಳ್ಳುತ್ತಾರೆ? ಜನ ಕೈ ಕಟ್ಟಿಕೊಂಡು ಸುತ್ತ ನಿಲ್ಲುತ್ತಿದ್ದರು. ಕೆಲವರು ಅದರ ಜೊತೆ ವಾದಕ್ಕೂ ಇಳಿಯುತ್ತಿದ್ದರು.

ಬಾಗಿಲಕ್ಕನಿಗೆ ಐವತ್ತು ತುಂಬಲು ಸ್ವಲ್ಪ ಬಾಕಿ. ದುಂಡು ಮುಖ, ದೊಡ್ಡ ನಗು, ಒಂದು ಕ್ಷಣವೂ ನಿಂತಲ್ಲಿ ನಿಲ್ಲದ ಕಾಲು. ಅವಳ ಬದುಕೆಲ್ಲ ಬಾಗಿಲುಗಳಲ್ಲೇ ಕಳೆದಿತ್ತು. ಹರೆಯದಲ್ಲಿ ಸಿನಿಮಾ ಮಂದಿರದ ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತು, ತಡವಾಗಿ ಬಂದವರನ್ನು ಬೈಯುತ್ತಾ ಅವರವರ ಸೀಟಿಗೆ ಕೂರಿಸುತ್ತಿದ್ದಳು. ಅಲ್ಲೇ ಸಿನಿಮಾ ಓಡಿಸುವವನು ಅವಳ ಗಂಡನಾದ. ಒಳ್ಳೆಯವನು, ಬೇಗ ಹೋಗಿಬಿಟ್ಟ. ಮಂದಿರ ಮುಚ್ಚಿ ಗೋದಾಮಾದ ಮೇಲೆ ಅವಳು ಒಂದು ಎತ್ತರದ ಕಚೇರಿ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ಜಾಲರಿ ಬಾಗಿಲನ್ನು ಸರ್ ಎಂದು ಎಳೆದು, "ಎಷ್ಟನೇ ಮಹಡಿ?" ಎಂದು ಕೇಳುವುದು ಅವಳ ಕೆಲಸ. ಆ ಹಳೇ ಲಿಫ್ಟನ್ನು ಕಿತ್ತು ತಾನೇ ಬಾಗಿಲು ಹಾಕಿಕೊಳ್ಳುವ ಲಿಫ್ಟ್ ಕೂರಿಸಿದ ದಿನ ಅವಳನ್ನು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಅದಕ್ಕೇ, ಕಾರಿನ ಕಂಪನಿಯ ಮೇಲ್ವಿಚಾರಕಿ ಸಂದರ್ಶನದಲ್ಲಿ ಹಿಂದಿನ ಅನುಭವ ಏನೆಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಬಾಗಿಲು ನನ್ನ ಕೆಲಸ ಕಿತ್ಕೊಂಡಿತ್ತು ಮೇಡಂ. ಈಗ ಬಾಗಿಲೇ ಕರೀತಿದೆ."

ಮೇಲ್ವಿಚಾರಕಿ ಎಂದರೆ ಸದಾ ನಿದ್ದೆಗೆಟ್ಟ ಕಣ್ಣಿನ, ಒಂದೇ ಸಲ ಎರಡು ಫೋನಿನಲ್ಲಿ ಮಾತಾಡುವ ಹೆಣ್ಣುಮಗಳು. ಅವಳು ಅಲ್ಲೇ ನಕ್ಕು ಕೆಲಸ ಕೊಟ್ಟಳು. ಕೆಲಸದ ನಿಯಮ ಸರಳ. ಬಾಗಿಲು ಹಾಕಬೇಕು, ಕಾರಿನ ಕ್ಯಾಮೆರಾ ಕಣ್ಣುಗಳ ಮೇಲೆ ಕೊಳೆ ಇದ್ದರೆ ಒರೆಸಬೇಕು, ಅಡ್ಡ ಏನಾದರೂ ಬಿದ್ದಿದ್ದರೆ ಸರಿಸಬೇಕು. ಆಮೇಲೂ ಕಾರು ಮಿಸುಕದಿದ್ದರೆ ಎಳೆದೊಯ್ಯುವ ಗಾಡಿಗೆ ಫೋನ್ ಮಾಡಬೇಕು. ಕಾರಿನೊಳಗೆ ಮಾತ್ರ ಕೂರುವ ಹಾಗಿಲ್ಲ.

ಎಳೆಯುವ ಗಾಡಿಯವನಿಗೆ ಊರೆಲ್ಲ ಇಟ್ಟ ಹೆಸರು ಕೊಕ್ಕೆಯಣ್ಣ. ಕಡ್ಡಿಯಂಥ ಆಳು, ಮುಖಕ್ಕಿಂತ ದೊಡ್ಡ ಮೀಸೆ. ತಮ್ಮನನ್ನೂ ತಂಗಿಯರನ್ನೂ ಸಾಕಿ ದಡ ಸೇರಿಸುವಷ್ಟರಲ್ಲಿ ತಾನು ಮದುವೆಯಾಗುವುದನ್ನೇ ಮರೆತವನು. ಕೆಟ್ಟು ನಿಂತ ಕಾರಿಗೆ ಕೊಕ್ಕೆ ಹಾಕುವಾಗಲೂ "ಸ್ವಲ್ಪ ನೋವಾಗುತ್ತೆ, ತಡ್ಕೋ" ಎಂದು ಅದಕ್ಕೆ ಸಮಾಧಾನ ಹೇಳುವ ಪೈಕಿ. ಮರ್ಯಾದೆಯ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರಡು ಸಲ ದಾರಿ ಬಿಟ್ಟು, ಮೂರನೇ ಸಲ ಹಾದುಹೋಗು ಎಂದರೂ "ನೀವು ಮೊದಲು" ಎನ್ನುತ್ತಿದ್ದ.

ಅವರಿಬ್ಬರ ಮೊದಲ ಭೇಟಿಗೆ ಒಂದು ಪಾರಿವಾಳ ಕಾರಣ. ಸೇತುವೆಯ ಏರಿನಲ್ಲಿ ಒಂದು ಕಾರು ನಿಂತಿತ್ತು. ಅದರ ತಲೆಯ ಮೇಲಿನ ದೊಡ್ಡ ಕಣ್ಣಿನ ಮೇಲೆ ಪಾರಿವಾಳ ತನ್ನ ಅಭಿಪ್ರಾಯ ತಿಳಿಸಿ ಹೋಗಿತ್ತು. ಬಾಗಿಲಕ್ಕ ಹೊಸಬಳು, ಕಣ್ಣು ಎಲ್ಲಿದೆ ಎಂದು ಗೊತ್ತಾಗದೆ ಕೊಕ್ಕೆ ಗಾಡಿಗೆ ಫೋನ್ ಮಾಡಿದಳು. ಅವನು ಬರುವಷ್ಟರಲ್ಲಿ ಅವಳೇ ಕಂಡುಹಿಡಿದು ಒರೆಸಿದ್ದಳು, ಕಾರು ಹೊರಟುಹೋಗಿತ್ತು. ಅಷ್ಟು ದೂರ ಸುಮ್ಮನೆ ಓಡಿಸಿಕೊಂಡು ಬಂದವನು ಬೈಯುತ್ತಾನೆ ಎಂದು ಅವಳು ಮುಖ ಸಣ್ಣ ಮಾಡಿಕೊಂಡು ನಿಂತಿದ್ದರೆ, ಅವನು ಫ್ಲಾಸ್ಕ್ ತೆಗೆದು, "ಬಂದಿದ್ದಕ್ಕೆ ಚಹಾ ಆದ್ರೂ ಕುಡಿಯೋಣ ಅಕ್ಕಾ" ಎಂದ. ಇಬ್ಬರೂ ಅವನ ಗಾಡಿಯ ಮೆಟ್ಟಿಲ ಮೇಲೆ ಕೂತು ಒಂದೇ ಮುಚ್ಚಳದಲ್ಲಿ ಸರದಿಯ ಮೇಲೆ ಚಹಾ ಕುಡಿದರು. ಅವಳು ಪಾರಿವಾಳದ ಕತೆ ಹೇಳಿದಳು. ಅವನು ನಕ್ಕು ನಕ್ಕು ಮೀಸೆಗೆಲ್ಲ ಚಹಾ ಮಾಡಿಕೊಂಡ. ಆ ಸಂಜೆ ಬಾಗಿಲಕ್ಕ ಮನೆಗೆ ಹೋಗುವಾಗ ಸ್ಕೂಟರಿನ ಮೇಲೆ ಹಾಡು ಗುನುಗುತ್ತಿದ್ದಳು, ಅದೂ ತಪ್ಪು ತಪ್ಪಾಗಿ.

ಮನೆ ಎಂದರೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವಳ ಅತ್ತೆ, ತೀರಿಹೋದ ಗಂಡನ ತಾಯಿ, ಕಿಟಕಿಯ ಪಕ್ಕ ಕೂತು ಕೆಳಗಿನ ದರ್ಜಿಗೆ ಗುಂಡಿ ಹೊಲಿದುಕೊಡುತ್ತಿದ್ದಳು. ಕಣ್ಣು ಸೂಜಿಯ ಮೇಲೆ ಇರುತ್ತಿದ್ದದ್ದು ಕಡಿಮೆ, ಬೀದಿಯ ಮೇಲೆ ಇರುತ್ತಿದ್ದದ್ದು ಹೆಚ್ಚು. ಬಾಯಿಯಂತೂ ಸೂಜಿಗಿಂತ ಚೂಪು.

"ಏನೇ, ಹಾಡು ಬೇರೆ" ಎಂದಳು ಅತ್ತೆ.

"ಸುಮ್ನೆ."

"ಸುಮ್ನೆ ಹಾಡೋರು ಮೆಟ್ಟಿಲ ಮೇಲೆ ಎಡವಲ್ಲ. ಯಾರು ಅವನು?"

"ಯಾರೂ ಇಲ್ಲ ಅತ್ತೆ. ಕೊಕ್ಕೆಯಣ್ಣ ಅಂತ, ಗಾಡಿ ಎಳೆಯೋರು."

ಅತ್ತೆ ದಾರ ಕಚ್ಚಿ ತುಂಡು ಮಾಡಿದಳು. "ಅಣ್ಣ ಅನ್ನೋದು ಬಿಡು ಮೊದಲು" ಎಂದಳು. ಬಾಗಿಲಕ್ಕ ಕೆಂಪಾಗಿ ಅಡುಗೆಮನೆಗೆ ಹೋಗಿ, ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಕುಕ್ಕಿದಳು.

ತೊಂದರೆ ಇದ್ದದ್ದು ಅಲ್ಲೇ. ಊರೆಲ್ಲ ಅವಳನ್ನು ಅಕ್ಕ ಎನ್ನುತ್ತಿತ್ತು, ಅವನೂ ಅಕ್ಕ ಎಂದ. ಊರೆಲ್ಲ ಅವನನ್ನು ಅಣ್ಣ ಎನ್ನುತ್ತಿತ್ತು, ಅವಳೂ ಅಣ್ಣ ಎಂದಳು. ಹೀಗೆ ಅಕ್ಕ ಅಣ್ಣ ಎಂದುಕೊಂಡು ಕೂತರೆ ಬೇರೆ ಮಾತು ಯಾವ ಸಂದಿಯಿಂದ ನುಸುಳಬೇಕು ಹೇಳಿ.

ಅದೃಷ್ಟಕ್ಕೆ ಕಾರುಗಳು ನಿಲ್ಲುವುದಕ್ಕೆ ನೆಪಗಳ ಬರವಿರಲಿಲ್ಲ. ಚರಂಡಿ ಮುಚ್ಚಳದಿಂದ ಹಬೆ ಎದ್ದರೆ ಗೋಡೆ ಎಂದುಕೊಂಡು ನಿಲ್ಲುತ್ತಿದ್ದವು. ಸಂಚಾರಿ ಪೊಲೀಸ್ ಕೈಯಲ್ಲಿ ಬಾ ಎಂದರೆ, ಇವನು ಯಾಕೆ ಕೈ ಬೀಸುತ್ತಿದ್ದಾನೆ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದವು. ಪೊಲೀಸಪ್ಪ ಮೊದಲು ಕೈ ಬೀಸಿ, ಆಮೇಲೆ ಟೋಪಿ ಬೀಸಿ, ಕೊನೆಗೆ ಕೈ ಮುಗಿದ. ಕಾರು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಒಮ್ಮೆ ಓಣಿಯೊಂದರಲ್ಲಿ ಎರಡು ಕಾರುಗಳು ಎದುರುಬದುರಾಗಿ, ಇದು ಅದಕ್ಕೆ ದಾರಿ ಬಿಡಲು ಹಿಂದೆ ಸರಿಯಿತು, ಅದು ಇದಕ್ಕೆ ದಾರಿ ಬಿಡಲು ಹಿಂದೆ ಸರಿಯಿತು. ಇದು ಮುಂದೆ ಬಂತು, ಅದೂ ಬಂತು, ಮತ್ತೆ ಎರಡೂ ನಾಚಿಕೊಂಡು ಹಿಂದೆ ಹೋದವು. ಓಣಿಯವರು ಮನೆಯಿಂದ ಕುರ್ಚಿ ತಂದು ಹಾಕಿಕೊಂಡು ನೋಡಿದರು.

ಎಲ್ಲಕ್ಕಿಂತ ಮಜವಾದದ್ದು ಕನ್ನಡಿ ಅಂಗಡಿಯ ಪ್ರಸಂಗ. ಮಾರುಕಟ್ಟೆಯ ಹಿಂದಿನ ಬೀದಿ ತಿರುಗುವಲ್ಲಿ ಒಂದು ಕನ್ನಡಿ ಅಂಗಡಿ ಇತ್ತು. ಅಂಗಡಿಯವನು ಆಳೆತ್ತರದ ಕನ್ನಡಿಯೊಂದನ್ನು ಹೊರಗೆ ಬೀದಿಗೆ ಮುಖ ಮಾಡಿ ಒರಗಿಸಿಡುತ್ತಿದ್ದ. ಒಂದು ಕಾರು ಬಂದಿತು, ಎದುರಿಗೆ ತನ್ನಂಥದೇ ಇನ್ನೊಂದು ಕಾರು ಬರುವುದನ್ನು ಕಂಡಿತು, ದಾರಿ ಬಿಡೋಣ ಎಂದು ನಿಂತಿತು. ಕನ್ನಡಿಯೊಳಗಿನದೂ ನಿಂತಿತು. ಇಬ್ಬರೂ ಸಭ್ಯಸ್ಥರು, ಯಾರು ಮೊದಲು ಹೋಗುತ್ತಾರೆ? ಊಟದ ಹೊತ್ತಿನ ತನಕ ಅದು ತನಗೇ ದಾರಿ ಬಿಡುತ್ತಾ ನಿಂತಿತ್ತು. ಬಾಗಿಲಕ್ಕ ಬಂದು ನೋಡಿ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಕೊನೆಗೆ ಅಂಗಡಿಯವನು ಕನ್ನಡಿಗೆ ಹಳೇ ಚಾದರ ಹೊದಿಸಿದ ಮೇಲೆ ಕಾರು ಹೊರಟಿತು. ಅಂದಿನಿಂದ ಆ ಚಾದರ ತೆಗೆಯಬಾರದೆಂದು ಕಂಪನಿ ಅವನಿಗೆ ಕೈ ಮುಗಿದು ಕೇಳಿಕೊಂಡಿತು. ಗಿರಾಕಿ ಬಂದರೆ ಅವನು ಚಾದರದ ಅಂಚು ಎತ್ತಿ, ಮದುವಣಗಿತ್ತಿಯ ಮುಖ ತೋರಿಸಿದಂತೆ ಕನ್ನಡಿ ತೋರಿಸುತ್ತಿದ್ದ.

ಇಷ್ಟೆಲ್ಲ ನೆಪಗಳಿದ್ದರೂ, ಬಾಗಿಲಕ್ಕ ಕೆಲಸ ಕಲಿತಂತೆಲ್ಲ ಕೊಕ್ಕೆ ಗಾಡಿಯ ಅಗತ್ಯವೇ ಬೀಳದಾಯಿತು. ಒರೆಸಿದರೆ ಹೋಗುತ್ತಿತ್ತು, ಬಾಗಿಲು ಗುದ್ದಿದರೆ ಹೋಗುತ್ತಿತ್ತು. ಒಂದು ವಾರ ಇಡೀ ಕೊಕ್ಕೆಯಣ್ಣನ ಮೀಸೆಯೂ ಕಾಣಲಿಲ್ಲ. ಆ ವಾರ ಅವಳು ಅಡುಗೆಗೆ ಎರಡು ಸಲ ಉಪ್ಪು ಹಾಕಿದಳು, ಅತ್ತೆಯಿಂದ ಮೂರು ಸಲ ಬೈಸಿಕೊಂಡಳು. ಮರುದಿನ ಒಂದು ಕಾರಿನ ಕಣ್ಣಿನ ಮೇಲೆ ಒಣಗಿದ ಎಲೆಯೊಂದು ಅಂಟಿತ್ತು. ಉಫ್ ಎಂದರೆ ಹಾರಿಹೋಗುವ ಎಲೆ. ಬಾಗಿಲಕ್ಕ ಎಲೆಯನ್ನು ನೋಡಿದಳು, ಬೀದಿಯ ಆ ಕಡೆ ಈ ಕಡೆ ನೋಡಿದಳು, ಒರೆಸುವ ಬಟ್ಟೆಯನ್ನು ಜೇಬಿನೊಳಕ್ಕೆ ತುರುಕಿಕೊಂಡಳು. ಫೋನ್ ತೆಗೆದು, "ಕಾರು ಮಿಸುಕ್ತಾ ಇಲ್ಲ, ಎಳೆಯೋ ಗಾಡಿ ಕಳಿಸಿ" ಎಂದಳು.

ಅವನು ಬಂದ. ಎಲೆ ಅವನಿಗೂ ಕಾಣಿಸಿತು ಎನ್ನುವುದರಲ್ಲಿ ಅನುಮಾನವಿಲ್ಲ, ಅದು ಅಂಗೈಯಗಲ ಇತ್ತು. ಆದರೆ ತುಟಿಪಿಟಕ್ ಎನ್ನದೆ ಕೊಕ್ಕೆ ಹಾಕಿದ. ಅದಕ್ಕೂ ಮೊದಲು ಚಹಾ ಆಯಿತು.

ಹೀಗೆ ಶುರುವಾದದ್ದು ಚಾಳಿಯಾಯಿತು. ತಾನು ಮಾಡುತ್ತಿರುವುದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಆದರೆ ಪ್ರೀತಿಗೆ ಬಿದ್ದ ಮನುಷ್ಯರು ನಿಯಮ ಓದಿಕೊಂಡು ಬೀಳುವುದಿಲ್ಲವಲ್ಲ. ಮೊದಲ ಮುಚ್ಚಳ ಚಹಾ ಅವಳಿಗೆ, ಎರಡನೆಯದು ಅವನಿಗೆ, ಮೂರನೆಯದಕ್ಕೆ "ನೀವು ತಗೊಳ್ಳಿ ಅಕ್ಕಾ", "ಬೇಡ ನೀವೇ ತಗೊಳ್ಳಿ ಅಣ್ಣಾ" ಎಂದು ಚಹಾ ಆರಿಹೋಗುವ ತನಕ ಉಪಚಾರ. ಅದೇ ಕಾಲಕ್ಕೆ ಇನ್ನೊಂದು ವಿಚಿತ್ರ ಶುರುವಾಯಿತು. ಊರಲ್ಲಿ ಎಲ್ಲೆಂದರಲ್ಲಿ ಕಾರುಗಳ ಮುಂದೆ ಒಂದು ಕಿತ್ತಳೆ ಬಣ್ಣದ ಕೋನ್ ಪ್ರತ್ಯಕ್ಷವಾಗತೊಡಗಿತು, ರಸ್ತೆ ಅಗೆಯುವ ಕಡೆ ಇಡುತ್ತಾರಲ್ಲ, ಅಂಥದು. ಕೋನ್ ಕಂಡರೆ ಆ ಕಾರುಗಳು ಗರ ಬಡಿದಂತೆ ನಿಲ್ಲುತ್ತಿದ್ದವು. ಪರದೆ ಕೋಣೆಯವರು ಬಾಗಿಲಕ್ಕನಿಗೆ ಫೋನ್ ಮಾಡುತ್ತಿದ್ದರು, ಅವಳು ಹೋಗಿ ಕೋನ್ ಎತ್ತಿಡುತ್ತಿದ್ದಳು. ಆಗೆಲ್ಲ ಕೊಕ್ಕೆಯಣ್ಣನ ಗಾಡಿ ಅದೇ ಬೀದಿಯಲ್ಲಿ ಆಕಸ್ಮಿಕವಾಗಿ ಹಾದುಹೋಗುತ್ತಿರುತ್ತಿತ್ತು. ಎಷ್ಟು ಒಳ್ಳೇ ಆಕಸ್ಮಿಕ ಎಂದು ಬಾಗಿಲಕ್ಕ ಹಿಗ್ಗುತ್ತಿದ್ದಳು. ನಮ್ಮ ನಾಯಕಿ ಜಾಣೆ ಎಂದು ನಾನು ಎಲ್ಲೂ ಹೇಳಿಲ್ಲ.

ಇಂಥ ಸುಖದ ನಡುವೆ ಒಂದು ಬೆಳಿಗ್ಗೆ ಮೇಲ್ವಿಚಾರಕಿ ಎಲ್ಲರನ್ನೂ ಡಿಪೋಗೆ ಕರೆಸಿದಳು. ತೊಳೆಯುವವರು, ಚಾರ್ಜಿಗೆ ಹಾಕುವವರು, ಬಾಗಿಲಕ್ಕ, ಕೊಕ್ಕೆಯಣ್ಣ, ಎಲ್ಲರೂ ಕಾರುಗಳ ನಡುವೆ ನಿಂತರು. ಕಂಪನಿಗೆ ಈ ಊರು ಗಿಟ್ಟುತ್ತಿಲ್ಲ, ತಿಂಗಳ ಕೊನೆಗೆ ಕಾರುಗಳನ್ನೆಲ್ಲ ತುಂಬಿ ಕಳಿಸುತ್ತೇವೆ ಎಂದಳು. ಗಾಡಿಗಳು ನಿಲ್ಲುವುದು ವಿಪರೀತವಾಗಿದೆ, ಎಳೆಸುವ ಖರ್ಚು ಕೈ ಮೀರಿದೆ ಎಂದೂ ಸೇರಿಸಿದಳು.

ಬಾಗಿಲಕ್ಕನ ಪಕ್ಕದಲ್ಲಿ ಯಾರೋ ಕೊಕ್ಕೆಯಣ್ಣನನ್ನು ಮುಂದೇನು ಎಂದು ಕೇಳುತ್ತಿದ್ದರು. ಹೆದ್ದಾರಿಯ ಆ ತುದಿಯಲ್ಲಿ ತಮ್ಮನ ಗ್ಯಾರೇಜ್ ಇದೆ, ಗಾಡಿ ತಗೊಂಡು ಅಲ್ಲಿಗೇ ಹೋಗಿಬಿಡ್ತೀನಿ, ಇಲ್ಲಿ ಇನ್ಯಾರಿದ್ದಾರೆ ಎಂದು ಅವನು ನೆಲ ನೋಡಿಕೊಂಡು ಹೇಳಿದ. ಅದು ಅವಳಿಗೂ ಕೇಳಿಸಿತು.

ಅಂದು ಅವಳಿಗೆ ಊಟ ಸೇರಲಿಲ್ಲ. ಅವನು ಹೋಗಿಬಿಡುತ್ತಾನೆ ಎನ್ನುವುದು ಒಂದು ಸಂಕಟ. ಅವನನ್ನು ನೋಡುವ ಆಸೆಗೆ ತಾನೇ ಕಂಪನಿ ಮುಳುಗಿಸಿ, ಇಷ್ಟು ಜನರ ಅನ್ನಕ್ಕೆ ಕಲ್ಲು ಹಾಕಿದೆ ಎನ್ನುವುದು ಅದಕ್ಕಿಂತ ದೊಡ್ಡ ಸಂಕಟ. ಮರುದಿನ ಮೇಲ್ವಿಚಾರಕಿಯ ಮುಂದೆ ಎಲ್ಲ ಒಪ್ಪಿಕೊಂಡುಬಿಡುತ್ತೇನೆ ಎಂದು ಧೈರ್ಯ ಮಾಡಿ ಕಚೇರಿಗೆ ಹೋದರೆ, ಹೊರಗಿನ ಬೆಂಚಿನ ಮೇಲೆ ಕೊಕ್ಕೆಯಣ್ಣ ಮೀಸೆ ಇಳಿಬಿಟ್ಟುಕೊಂಡು ಕೂತಿದ್ದ. ಇಬ್ಬರೂ ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡುತ್ತಿರುವಾಗಲೇ ಒಳಗಿನಿಂದ ಕರೆ ಬಂತು.

"ನೀವು ಮೊದಲು ಅಕ್ಕಾ" ಎಂದ ಅವನು.

"ಇಲ್ಲ ಅಣ್ಣಾ, ನೀವೇ ಮೊದಲು ಬಂದಿದ್ದು."

ಕೊನೆಗೆ ಬಾಗಿಲಲ್ಲಿ ಇಬ್ಬರೂ ಒಟ್ಟಿಗೇ ಸಿಕ್ಕಿಕೊಂಡು ಹೇಗೋ ಒಳಗೆ ಬಿದ್ದರು. ಮೇಲ್ವಿಚಾರಕಿ ಎರಡೂ ಫೋನ್ ಕೆಳಗಿಟ್ಟಳು. "ಇಬ್ಬರೂ ಒಟ್ಟಿಗೆ ಬಂದ್ರಾ?"

"ಇಲ್ಲ, ಬೇರೆ ಬೇರೆ" ಎಂದರು ಇಬ್ಬರೂ ಒಂದೇ ಉಸಿರಿಗೆ.

ಬಾಗಿಲಕ್ಕ ಕಣ್ಣು ಮುಚ್ಚಿಕೊಂಡು ಶುರುಮಾಡಿದಳು. "ಮೇಡಂ, ಕಂಪನಿ ಮುಚ್ಚೋದಕ್ಕೆ ನಾನೇ ಕಾರಣ. ಒರೆಸಿದ್ರೆ ಹೋಗೋ ಕೊಳೆಗೆಲ್ಲ ಕೊಕ್ಕೆ ಗಾಡಿ ಕರೆಸಿದೀನಿ. ಒಂದ್ಸಲ ಬರೀ ಒಂದು ಎಲೆ ಇತ್ತು."

"ಅವರದೇನೂ ತಪ್ಪಿಲ್ಲ ಮೇಡಂ" ಎಂದ ಕೊಕ್ಕೆಯಣ್ಣ ಅಡ್ಡ ಬಾಯಿ ಹಾಕಿ. "ಎಲ್ಲಾ ಕಡೆ ಕೋನ್ ಇಟ್ಟಿದ್ದು ನಾನು."

ಬಾಗಿಲಕ್ಕ ಕಣ್ಣು ಬಿಟ್ಟು ಅವನ ಕಡೆ ತಿರುಗಿದಳು. "ಕೋನ್ ಇಟ್ಟಿದ್ದು ನೀವಾ?"

"ಕೊಳೆ ಬಿಟ್ಟಿದ್ದು ನೀವಾ?" ಎಂದ ಅವನು.

ಮೇಲ್ವಿಚಾರಕಿ ಇವಳ ಮುಖ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ತಲೆಯನ್ನು ಮೇಜಿಗೆ ಒರಗಿಸಿದಳು. ಅಳುತ್ತಿದ್ದಾಳೆ ಎಂದು ಇಬ್ಬರೂ ಗಾಬರಿಯಾದರು. ಅವಳು ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ತಿಂಗಳುಗಳಿಂದ ನಕ್ಕೇ ಇರಲಿಲ್ಲ ಎಂದಳು.

"ನೋಡಿ" ಎಂದಳು ಆಮೇಲೆ. "ನಿಮ್ಮಿಬ್ಬರ ತುಂಟಾಟ ಇದರಲ್ಲಿ ಲೆಕ್ಕಕ್ಕೇ ಬರಲ್ಲ. ಒಂದೊಂದು ಕಾರಿನ ಹಿಂದೆ ಎಷ್ಟು ಜನ ಇದೀವಿ ಗೊತ್ತಾ? ಪರದೆ ನೋಡೋರು, ತೊಳೆಯೋರು, ಚಾರ್ಜ್ ಮಾಡೋರು, ನೀವು, ಇವರು, ನಾನು. ನಕ್ಷೆ ತಿದ್ದೋರೇ ಒಂದು ದಂಡು. ಎಲ್ಲಾದ್ರೂ ರಸ್ತೆ ಅಗೆದ್ರೆ ಅವರು ಮತ್ತೆ ಮೊದಲಿಂದ ಶುರು ಮಾಡ್ಬೇಕು. ಈ ಊರಲ್ಲಿ ರಸ್ತೆ ಅಗೀದೆ ಇದ್ದ ದಿನ ಯಾವುದಿದೆ ಹೇಳಿ. ಮಂಜು ಬಿದ್ರೆ ಓಡಲ್ಲ, ಜೋರು ಮಳೆ ಬಂದ್ರೆ ಓಡಲ್ಲ. ಮುಂಚೆ ಒಂದು ಕಾರಿಗೆ ಒಬ್ಬ ಡ್ರೈವರ್ ಸಾಕಾಗ್ತಿದ್ದ. ಅವನೊಬ್ಬನನ್ನ ಇಳಿಸಿ ನಾವೆಲ್ಲ ಹತ್ತಿ ಕೂತಿದೀವಿ. ಯಾವತ್ತೋ ಒಂದು ದಿನ ಸರಿಹೋಗುತ್ತೇನೋ. ಅಲ್ಲೀವರೆಗೂ ದುಡ್ಡು ಸುರಿಯೋಕೆ ಮೇಲಿನೋರಿಗೆ ಮನಸ್ಸಿಲ್ಲ."

ಬಾಗಿಲಕ್ಕನ ಎದೆಯ ಮೇಲಿದ್ದ ಬಂಡೆ ಇಳಿಯಿತು. ಹಗುರಾದ ಖುಷಿಯಲ್ಲಿ ಅವಳಿಗೆ ಕುಣಿಯುವ ಹಾಗಾಯಿತು. ಅಷ್ಟರಲ್ಲಿ ಮೇಲ್ವಿಚಾರಕಿ, "ಅದು ಸರಿ. ಆದ್ರೆ ಯಾಕೆ ಮಾಡಿದ್ರಿ?" ಎಂದು ಕೇಳಿಬಿಟ್ಟಳು.



"ಒರೆಸೋ ಬಟ್ಟೆ ಒಗೆಯೋಕೆ ಹಾಕಿದ್ದೆ" ಎಂದಳು ಬಾಗಿಲಕ್ಕ.

"ಕೋನು ಗಾಡಿಯಿಂದ ಜಾರಿ ಬಿದ್ದಿರಬೇಕು" ಎಂದ ಕೊಕ್ಕೆಯಣ್ಣ.

"ಬಿದ್ದು ನೆಟ್ಟಗೆ ನಿಂತ್ಕೊಳ್ತಾ?" ಎಂದಳು ಮೇಲ್ವಿಚಾರಕಿ. ಅವಳು ಇಬ್ಬರನ್ನೂ ಇನ್ನೊಮ್ಮೆ ನೋಡಿ, ಸರಿ ಹೋಗಿ ಎಂದು ಕಳಿಸಿದಳು.

ಹೊರಗೆ ಬಂದ ಮೇಲೆ ಎಲ್ಲವೂ ಬಟಾಬಯಲಾಗಿತ್ತು. ಅವನು ಕೋನ್ ಇಟ್ಟದ್ದು ಯಾಕೆಂದು ಅವಳಿಗೆ ಗೊತ್ತು, ಅವಳು ಎಲೆ ಬಿಟ್ಟದ್ದು ಯಾಕೆಂದು ಅವನಿಗೆ ಗೊತ್ತು. ಇನ್ನು ಒಂದೇ ಒಂದು ಮಾತು ಸಾಕಿತ್ತು. ಕೊಕ್ಕೆಯಣ್ಣ ಬಾಯಿ ತೆರೆದ. ಮೀಸೆ ಅಲುಗಿತು. "ಬರ್ತೀನಿ ಅಕ್ಕಾ" ಎಂದ.

ಬಾಗಿಲಕ್ಕನಿಗೆ ಆ ಮೀಸೆಯನ್ನು ಹಿಡಿದು ಎಳೆಯಬೇಕೆನಿಸಿತು. "ಸರಿ ಅಣ್ಣಾ" ಎಂದಳು.

ಮನೆಯಲ್ಲಿ ಅತ್ತೆ ಕತೆಯನ್ನೆಲ್ಲ ಕೇಳಿ, ನಗುವಾಗ ಸೂಜಿ ಕಳೆದುಕೊಂಡು, ಅದನ್ನು ಹುಡುಕುತ್ತಾ ಮತ್ತೆ ನಕ್ಕಳು. ಆಮೇಲೆ ಗಂಭೀರವಾದಳು. "ಓಣೀಲಿ ಎರಡು ಕಾರು ನಿಂತು ನೀನು ಮೊದಲು, ನೀನು ಮೊದಲು ಅಂತಿದ್ವಲ್ಲ, ನೀವಿಬ್ರೂ ಅದೇ ಜಾತಿ. ನಡುವೆ ಯಾರಾದ್ರೂ ಬಂದು ಗುದ್ದಬೇಕು."

"ಹೋಗ್ಲಿ ಬಿಡಿ ಅತ್ತೆ. ನಾನು ಅವರ ಜೊತೆ ಹೊರಟ್ರೆ ನಿಮ್ಮನ್ನ ಯಾರು ನೋಡ್ಕೋತಾರೆ?"

"ನಾನೂ ಬರ್ತೀನಿ. ಆ ಕೊಕ್ಕೆ ಗಾಡೀಲಿ ಮೂರು ಸೀಟಿದೆ, ಕಿಟಕಿಯಿಂದ ನೋಡಿಟ್ಕೊಂಡಿದೀನಿ. ಕಿಟಕಿ ಪಕ್ಕದ್ದು ನಂದು" ಎಂದಳು ಅತ್ತೆ. ದಾರ ಸುತ್ತುತ್ತಾ, "ನನ್ನ ಮಗ ಇದ್ದಿದ್ರೂ ನೀನು ನಗ್ತಾ ಇರೋದನ್ನೇ ನೋಡೋಕೆ ಇಷ್ಟಪಡ್ತಿದ್ದ ಕಣೇ" ಎಂದಳು. ಬಾಗಿಲಕ್ಕ ಅತ್ತೆಯ ಮಡಿಲಲ್ಲಿ ತಲೆಯಿಟ್ಟು, ನಗುತ್ತಾ ಸ್ವಲ್ಪ ಅತ್ತಳು. ಗುಂಡಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

ತಿಂಗಳ ಕೊನೆ ಬಂತು. ಡಿಪೋದಲ್ಲಿ ಉದ್ದನೆಯ ಲಾರಿಗಳು ಬಂದು ನಿಂತವು, ಕಾರುಗಳು ಒಂದೊಂದಾಗಿ ತಾವೇ ಹತ್ತಿ ಕೂತವು. ಹತ್ತಲು ಮಾತ್ರ ಅವಕ್ಕೆ ಯಾವ ತಕರಾರೂ ಇರಲಿಲ್ಲ. ಮಧ್ಯಾಹ್ನ ಬಾಗಿಲಕ್ಕ ಸ್ಕೂಟರನ್ನು ತೊಳೆದು, ಅದನ್ನೂ ಅಂಗಿಯನ್ನೂ ಒಪ್ಪಿಸಬೇಕು ಎನ್ನುವಷ್ಟರಲ್ಲಿ ಮೇಲ್ವಿಚಾರಕಿಯ ಫೋನ್ ಬಂತು. ಕೊನೆಯ ಕಾರು ಮಾರುಕಟ್ಟೆಯ ಹತ್ತಿರ ನಿಂತುಬಿಟ್ಟಿದೆ, ಬಾಗಿಲು ತೆರೆದಿದೆ, ಸ್ವಲ್ಪ ಹೋಗಿ ಬನ್ನಿ ಎಂದಳು. ಅವಳ ದನಿಯಲ್ಲಿ ನಗು ಇತ್ತು. ಬಾಗಿಲಕ್ಕ ಅದನ್ನು ಗಮನಿಸಲಿಲ್ಲ. ಇದೇ ಕೊನೆಯ ಬಾಗಿಲು, ಹಾಕಿದರೆ ಮುಗಿಯಿತು, ನಾಳೆ ಅವನೂ ಇರುವುದಿಲ್ಲ ಎಂದುಕೊಳ್ಳುತ್ತಾ ಹೋದಳು.

ಕಾರು ನಿಂತಿತ್ತು. "ದಯವಿಟ್ಟು ಬಾಗಿಲು ಹಾಕಿ" ಎಂದು ಬೇಡುತ್ತಿತ್ತು. ಅದರ ಹಿಂದಿನ ಬಾಗಿಲನ್ನು ತೆರೆದು ಹಿಡಿದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆ ಬಾಚಿಕೊಂಡು ಕೊಕ್ಕೆಯಣ್ಣ ನಿಂತಿದ್ದ.

"ಬಾಗಿಲು ನಾನೇ ತೆಗೆದೆ" ಎಂದ. ಅಕ್ಕ ಎನ್ನಲಿಲ್ಲ. "ಮೇಡಂಗೆ ಹೇಳೇ ತೆಗೆದೆ. ಇಷ್ಟು ದಿನ ನೀವು ಹೊರಗಿಂದ ಹಾಕಿದ್ರಿ. ಒಂದ್ಸಲ ಒಳಗಿಂದ ಹಾಕಿ ನೋಡಿ ಅಂತ."

ಬಾಗಿಲಕ್ಕ ಸ್ಕೂಟರಿನಿಂದ ಇಳಿದಳು. ಹುಟ್ಟಿದಾಗಿನಿಂದ ಅವಳು ಬೇರೆಯವರಿಗೆ ಬಾಗಿಲು ತೆಗೆದವಳು, ಬೇರೆಯವರ ಹಿಂದೆ ಹಾಕಿದವಳು. ಅವಳಿಗಾಗಿ ಯಾರೂ ಹೀಗೆ ತೆರೆದು ಹಿಡಿದು ನಿಂತಿರಲಿಲ್ಲ. ಸ್ಕೂಟರನ್ನು ಗೋಡೆಗೆ ಒರಗಿಸಿ ಹೋಗಿ ಒಳಗೆ ಕೂತಳು. ಅವನು ಸುತ್ತಿ ಬಂದು ಆ ಕಡೆಯಿಂದ ಹತ್ತಿದ. ಅವಳು ತನ್ನ ಕಡೆಯ ಬಾಗಿಲನ್ನು ಎಳೆದು ಹಾಕಿಕೊಂಡಳು. "ಧನ್ಯವಾದಗಳು" ಎಂದಿತು ಕಾರು.

ಹೊರಟಿತು. ಮುಂದಿನ ಸೀಟಿನಲ್ಲಿ ಯಾರೂ ಇಲ್ಲದೆ ಸ್ಟೇರಿಂಗ್ ತಾನಾಗಿ ತಿರುಗುವುದನ್ನು ಕಂಡು ಬಾಗಿಲಕ್ಕನಿಗೆ ನಗು ಒತ್ತರಿಸಿ ಬಂತು. ಅವನ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಅದನ್ನು ಕಂಡು ಇನ್ನೂ ನಕ್ಕಳು. ಅವನೂ ನಕ್ಕ. ಬೀದಿಯಲ್ಲಿ ಸಂಚಾರಿ ಪೊಲೀಸ್ ಇವರನ್ನು ನೋಡಿ, ಕೊನೆಯ ಕಾರಿಗೆ ಟೋಪಿ ತೆಗೆದು ಬೀಳ್ಕೊಟ್ಟ. ಇಷ್ಟೆಲ್ಲ ಆದರೂ ಹೇಳಬೇಕಾದ ಮಾತನ್ನು ಇಬ್ಬರೂ ಹೇಳಿರಲಿಲ್ಲ, ಡಿಪೋ ಹತ್ತಿರ ಬರುತ್ತಿತ್ತು.

ಕಾರು ಮಾರುಕಟ್ಟೆಯ ಹಿಂದಿನ ಬೀದಿಗೆ ತಿರುಗಿ, ಗಕ್ಕನೆ ನಿಂತಿತು. "ಎದುರಿನ ವಾಹನಕ್ಕೆ ದಾರಿ ಬಿಡುತ್ತಿದ್ದೇವೆ. ದಯವಿಟ್ಟು ಕಾಯಿರಿ" ಎಂದಿತು. ಕನ್ನಡಿ ಅಂಗಡಿಯವನು, ಕಾರುಗಳೆಲ್ಲ ಹೋದವಲ್ಲ ಎಂದು ಬೆಳಿಗ್ಗೆಯೇ ಚಾದರ ತೆಗೆದುಬಿಟ್ಟಿದ್ದ.

ಎದುರಿನ ಕಾರಿನಲ್ಲಿ ಒಬ್ಬ ದೊಡ್ಡ ಮೀಸೆಯವನೂ, ದುಂಡು ಮುಖದ ಒಬ್ಬ ಹೆಂಗಸೂ ಪಕ್ಕಪಕ್ಕ ಕೂತಿದ್ದರು. ಇವರು ಅವರನ್ನು ನೋಡಿದರು, ಅವರು ಇವರನ್ನು ನೋಡಿದರು.

"ಆ ಗಾಡೀಲಿ ಕೂತಿರೋರನ್ನ ನೋಡಿದ್ರಾ?" ಎಂದ ಅವನು ಮೆಲ್ಲಗೆ.

"ನೋಡಿದೆ."

"ಗಂಡ ಹೆಂಡ್ತಿ ಇರಬಹುದಾ?"

ಬಾಗಿಲಕ್ಕ ಕನ್ನಡಿಯ ಹೆಂಗಸಿನ ಮೇಲಿಂದ ಕಣ್ಣು ಕೀಳದೆ, "ಇನ್ನೂ ಆಗಿಲ್ಲ ಅನ್ಸುತ್ತೆ. ಆ ಗಂಡಸು ಕೇಳೇ ಇಲ್ಲ" ಎಂದಳು.

"ಕೇಳಿದ್ರೆ ಆಕೆ ಏನಂತಾರೆ?"

"ಕೇಳಿದ್ರಲ್ವಾ ಗೊತ್ತಾಗೋದು."

ಅವನು ನೆಟ್ಟಗೆ ಕೂತ. ಕನ್ನಡಿ ಬಿಟ್ಟು ಅವಳ ಕಡೆಗೇ ತಿರುಗಿದ. "ನನ್ನನ್ನ ಮದುವೆ ಆಗ್ತೀರಾ?" ಎಂದ.

"ಆಗ್ತೀನಿ" ಎಂದಳು ಅವಳು, ಅವನು ಮಾತು ಮುಗಿಸುವ ಮೊದಲೇ.

ಅವನು ಕಣ್ಣು ತುಂಬಿಕೊಂಡು, ಮೀಸೆ ತಿರುವಿ, "ಮನೇಲಿ ಅತ್ತೆಯವರಿದ್ದಾರಲ್ಲ, ಅವರು ಒಪ್ತಾರಾ?" ಎಂದ.

"ಅವರು ಆಗಲೇ ನಿಮ್ಮ ಗಾಡೀಲಿ ಕಿಟಕಿ ಸೀಟು ಹಿಡಿದಾಯ್ತು."

ಅಷ್ಟರಲ್ಲಿ ಕನ್ನಡಿ ಅಂಗಡಿಯವನು ತಪ್ಪಾಯಿತು ತಪ್ಪಾಯಿತು ಎನ್ನುತ್ತಾ ಚಾದರ ಹಿಡಿದು ಓಡಿಬಂದು, ಕಿಟಕಿಗೆ ಬಗ್ಗಿ, "ಮುಚ್ಚಿಬಿಡ್ಲಾ ಅಕ್ಕಾ?" ಎಂದು ಕೇಳಿದ. ಬಾಗಿಲಕ್ಕನ ಫೋನೂ ಬಡಿದುಕೊಳ್ಳತೊಡಗಿತು. ಪರದೆ ಕೋಣೆಯವರು, ಕಾರು ನಿಂತಿದೆ ಎಂದು ಹೇಳಲು. ಅವಳು ಅದನ್ನು ಆರಿಸಿ ಜೇಬಿಗೆ ಹಾಕಿಕೊಂಡು ಪಕ್ಕಕ್ಕೆ ತಿರುಗಿದಳು.

"ರೀ" ಎಂದಳು. ಆ ಒಂದಕ್ಷರಕ್ಕೆ ಕೊಕ್ಕೆಯವನು ಕಿವಿಯ ತನಕ ಕೆಂಪಾದ. "ಅವರಿಗೆ ಹೇಳಿ, ನಮಗೇನೂ ಅವಸರ ಇಲ್ಲ ಅಂತ."

ಅವನು ಹೇಳಿದ. ಅಂಗಡಿಯವನು ಚಾದರ ಮಡಚಿಕೊಂಡು ಒಳಗೆ ಹೋದ, ಕಾರು ತನಗೇ ದಾರಿ ಬಿಡುತ್ತಾ ನಿಂತೇ ಇತ್ತು.